ಎತ್ತಿ ಕುಡಿಯುವವರ ಲೋಟ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬರೆದ ವಾಕ್ಯ ಸರಿಯಿದೆಯೇ ಎಂದು ಮತ್ತೆ ಮತ್ತೆ ಓದಿಕೊಳ್ಳುವ ಅಳುಕು ಇನ್ನೂ ಹೋಗಿಲ್ಲ. ಹೇಳುವ ಕ್ರಮದಲ್ಲಿ ಕೊರತೆ ಕಂಡರೆ ಓದುಗರು ಮನ್ನಿಸಬೇಕು.

ಸ್ವೀಡನ್ನಿನ ಲಿಂಕೋಪಿಂಗ್‌ನ ಆಸ್ಪತ್ರೆಯಲ್ಲಿ ನಾನು ವಾಕ್ ಚಿಕಿತ್ಸಕಿ. ಪಾರ್ಶ್ವವಾಯುವಾದ ವಯಸ್ಕರಿಗೆ ಮಾತು ಮರಳಿ ಕಲಿಸುವುದಷ್ಟೇ ನಮ್ಮ ಕೆಲಸವೆಂದು ಹಲವರು ತಿಳಿದಿದ್ದಾರೆ. ನುಂಗುವುದನ್ನು ಕಲಿಸುವುದೂ ನಮ್ಮದೇ ಹೊಣೆ. ಮಾತು ಹೊರಡುವ ಗಂಟಲೇ ಅನ್ನ ನೀರಿಗೂ ದಾರಿಯಲ್ಲವೇ?

ಮಗಳ ಜೊತೆ ಇಲ್ಲೇ ನೆಲೆಸಿದ್ದ ಬೆಂಗಳೂರಿನ ತಾಯಿಯೊಬ್ಬರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಮನೆಗೆ ಹೋಗಿದ್ದವರು, ಜ್ವರದಿಂದ ವಾರ್ಡಿಗೆ ಮರಳಿದರು. ಕುಡಿದ ನೀರು ಶ್ವಾಸಕೋಶ ಸೇರಿತ್ತು. ಆಸ್ಪತ್ರೆಯಲ್ಲಿ ಸರಾಗವಾಗಿ ಇಳಿಯುತ್ತಿದ್ದ ನೀರು ಮನೆಯಲ್ಲಿ ಮಾತ್ರ ಏಕೆ ನೆತ್ತಿಗೇರುತ್ತದೆಂಬುದು ಯಾರಿಗೂ ತಿಳಿಯಲಿಲ್ಲ. ಹೊಟ್ಟೆಗೆ ನಳಿಕೆ ಇಡುವುದೇ ಕ್ಷೇಮವೆಂದು ವೈದ್ಯರು ಯೋಚಿಸತೊಡಗಿದ್ದರು. ಹಾಗಾದರೆ ಅಮ್ಮ ಬಾಯಿಂದ ಊಟ ಮಾಡುವುದೇ ನಿಂತುಹೋಗುತ್ತದೆ ಎಂದು ಮಗಳು ಅತ್ತಳು.

"ಮನೇಲಿ ಹೇಗೆ ಕುಡೀತಾರೋ ಹಾಗೇ ಒಂದು ಗುಟುಕು ಕುಡಿಸಿ, ನೋಡೋಣ" ಎಂದೆ.

ಮಗಳು ಚೀಲದಿಂದ ಸ್ಟೀಲ್ ಲೋಟ ತೆಗೆದಳು. ತಾಯಿ ಅದನ್ನು ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಬಾಯಿಗೆ ಸುರಿದುಕೊಂಡರು. ಕೂಡಲೇ ಕೆಮ್ಮು. ನನ್ನ ತಾಯಿಯನ್ನೇ ಕಂಡಂತಾಯಿತು. ವಾರ್ಡಿನಲ್ಲಿ ದಾದಿಯರು ಕಾಗದದ ಲೋಟವನ್ನು ತಾವೇ ಅವರ ತುಟಿಗೆ ಹಿಡಿಯುತ್ತಿದ್ದರು. ತಲೆಯೆತ್ತಿ ಸುರಿದುಕೊಂಡರೆ, ದುರ್ಬಲವಾದ ಗಂಟಲು ಶ್ವಾಸದ ಬಾಗಿಲು ಮುಚ್ಚುವ ಮೊದಲೇ ನೀರು ಒಳಗೆ ಧುಮುಕುತ್ತದೆ.

"ಅಮ್ಮಾ, ಇನ್ಮೇಲೆ ಕಚ್ಚಿ ಕುಡೀಬೇಕು. ಗದ್ದ ಕೆಳಗೆ."

"ಎಂ...ಜಲು" ಎಂದರು ಅವರು, ಪದವನ್ನು ಪ್ರಯಾಸದಿಂದ ಹೆಕ್ಕಿ. "ನಿಮ್ಮಮ್ಮ... ಹೇಳ್ಕೊಡ್ಲಿಲ್ವಾ?"

"ಕಿವಿ ಹಿಂಡಿ ಹೇಳ್ಕೊಟ್ಟಿದ್ರು. ಆದ್ರೆ ಲೋಟ ನಿಮ್ಮೊಬ್ರದೇ ಆದ್ರೆ ಎಂಜಲು ಯಾರಿಗೆ?"

ಅವರು ಮಗಳತ್ತ ಬೆರಳು ತೋರಿಸಿದರು. "ಇವ್ಳು... ಎಲ್ಲಾ ಒಟ್ಗೇ... ತೊಳೀತಾಳೆ."

"ಅದು ಡಿಶ್‌ವಾಶರ್ ಅಮ್ಮಾ! ಸರಿ, ನಿನ್ ಲೋಟ ಸಪರೇಟಾಗಿ ಕೈಯಲ್ಲೇ ತೊಳೀತೀನಿ. ಪ್ರಾಮಿಸ್. ಓಕೆನಾ?"

ತಾಯಿ ನನ್ನನ್ನು ದಿಟ್ಟಿಸಿ, "ಕಿಲಾಡಿ" ಎಂದರು. ಆಮೇಲೆ ಗದ್ದವನ್ನು ಎದೆಯತ್ತ ಬಾಗಿಸಿ ಲೋಟಕ್ಕೆ ತುಟಿ ತಾಗಿಸಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ನೀರು ಇಳಿಯಿತು. ಕೆಮ್ಮು ಬರಲಿಲ್ಲ.

"ಇದ್ರಲ್ಲಿ... ಕಾಫಿ?" ಎಂದು ಅವರು ಕೇಳಿದಾಗ ಮಗಳು ಅಳುತ್ತಲೇ ನಕ್ಕಳು.

ವಾರ್ಡಿನಲ್ಲಿ ಇನ್ನೂ ಕೆಲವು ದಿನ ಹೀಗೆಯೇ ಕುಡಿಸಿ ನೋಡಿದ ಮೇಲೆ ವೈದ್ಯರು ನಳಿಕೆಯ ವಿಚಾರ ಕೈಬಿಟ್ಟರು.

ಆ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ತಾಯಿ ಎಲ್ಲರೊಡನೆ ಮೇಜಿನ ಮುಂದೆ ಕುಳಿತು ಮೆತ್ತಗೆ ಕಲಸಿದ ಸಾರನ್ನ ಉಣ್ಣುತ್ತಾರೆ. ಅವರ ಲೋಟವನ್ನು ಬೇರೆ ಯಾರೂ ಬಳಸುವುದಿಲ್ಲ. ಅಭ್ಯಾಸಬಲದಿಂದ ಅವರು ಅದನ್ನು ಮೇಲೆತ್ತಿದರೆ, ದಾಗಿಸ್ ಎಂಬ ಇಲ್ಲಿನ ಶಿಶುವಿಹಾರಕ್ಕೆ ಹೋಗುವ ಪುಟ್ಟ ಮೊಮ್ಮಗಳು "ಹಾಕಾನ್ ನೇರ್, ಅಜ್ಜಿ!" ಎಂದು ಗದರುತ್ತಾಳೆ, ಗದ್ದ ಕೆಳಗೆ ಎನ್ನುವುದನ್ನು ಅವಳು ಸ್ವೀಡಿಷ್‌ನಲ್ಲೇ ಹೇಳುವುದು. ಅಮ್ಮನ ಆರೈಕೆಗೆಂದು ರಜೆ ಹಾಕಿದ್ದ ಮಗಳು ಕೆಲಸಕ್ಕೆ ಮರಳಿದ್ದಾಳೆ.