ಕೆಂಪು ನಲ್ಲಿಯ ನೀರು

ಗೀಸರಿನ ಸ್ವಿಚ್ಚು ಹಾಕಿದವನು ನಾನೇ, ಪೈಪು ಹಿಡಿದವನೂ ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಕಟ್ಟೋಣವೆಂದರೆ ರೂಮಿನಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

ಕೊಲ್ಲಿ ದೇಶದ ವಾದಿ ಕಬೀರಿನ ಆ ರೂಮಿನಲ್ಲಿ ನಾವಿಬ್ಬರು. ಘಾಲಾದ ಗೋದಾಮೊಂದರಲ್ಲಿ ಲೆಕ್ಕ ಬರೆಯುವ, ನನ್ನಪ್ಪನ ಪ್ರಾಯದ ಉಡುಪಿಯ ಪರ್ಬುಗಳು, ಮತ್ತು ಅವರ ಕೆಮ್ಮು, ನಡಿಗೆ, ಫೋನೆತ್ತುವ ಗತ್ತು ಎಲ್ಲವನ್ನೂ ಅನುಕರಿಸಿ ಗೆಳೆಯರನ್ನು ನಗಿಸುವ ನಾನು. ವೀಸಾ ಕೊಟ್ಟ ಧಣಿ ಕಫೀಲನ ಮುಂದೆ ಬೆನ್ನು ಬಗ್ಗಿಸುವ ನನ್ನನ್ನೂ ನಾನು ಚೆನ್ನಾಗಿಯೇ ಅನುಕರಿಸುತ್ತಿದ್ದೆ. “ಎಂಥ ಮಂಗ ಮಾರಾಯ ನೀನು” ಎನ್ನುತ್ತಿದ್ದರು ಪರ್ಬುಗಳು.

ಮೂರನೆಯದು, ಗಾಜಿನ ತೊಟ್ಟಿಯ ಆಕ್ಸೊಲಾಟಲ್. ಪರ್ಬುಗಳ ಮ್ಯಾನೇಜರು ದೇಶ ಬಿಡುವಾಗ ಅವರಿಗೆ ಕೊಟ್ಟುಹೋದದ್ದು. ಹಲ್ಲಿಗೂ ಮೀನಿಗೂ ಮದುವೆಯಾಗಿ ಹುಟ್ಟಿದಂಥ ಬಿಳಿ ಮೈ, ಕತ್ತಿನ ಪಕ್ಕ ಗುಲಾಬಿ ಗರಿಯಂಥ ಕಿವಿರು, ಯಾವಾಗಲೂ ನಗುವ ಬಾಯಿ. ಮೆಕ್ಸಿಕೊದ ಒಂದೇ ಒಂದು ಪಟ್ಟಣದ ಅಂಚಿನ ಹಳೆಯ ಕಾಲುವೆಗಳು ಇದರ ತವರು. ಅಲ್ಲೂ ಈಗ ಹುಡುಕಿದರೆ ಸಿಗುವುದು ಅಪರೂಪವಂತೆ.

“ಊರಲ್ಲಿ ಮುಗೀತಾ ಬಂತು. ಇನ್ನು ಹೀಗೆ ಗ್ಲಾಸಿನೊಳಗೇ” ಎಂದಿದ್ದರು ಪರ್ಬುಗಳು.

“ಇದಕ್ಕೂ ವೀಸಾ ಉಂಟಾ?” ಎಂದಿದ್ದೆ ನಾನು. ಅದಕ್ಕೆ ತಣ್ಣೀರು ಬೇಕೆಂದು ಏಸಿಯನ್ನು ಅವರು ಒಂದು ದಿನವೂ ಆರಿಸಿದವರಲ್ಲ.

ಬೇಸಿಗೆಯಲ್ಲಿ ಇಲ್ಲಿನ ನಲ್ಲಿಗಳು ತಲೆಕೆಳಗು. ತಾರಸಿಯ ಟ್ಯಾಂಕು ಕಾದು, ನೀಲಿ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಅದಕ್ಕೆ ಎಲ್ಲರೂ ಗೀಸರ್ ಆರಿಸಿ, ಅದರೊಳಗೆ ನಿಂತು ತಣಿದ ನೀರನ್ನು ಕೆಂಪು ನಲ್ಲಿಯಿಂದ ಹಿಡಿಯುತ್ತಾರೆ. ಆರು ತಿಂಗಳಲ್ಲಿ ಕೈಗೆ ಅದೇ ರೂಢಿ.

ಚಳಿ ಹಿಡಿಯುವ ಹೊತ್ತಿಗೆ ಪರ್ಬುಗಳು ಮಗಳ ಮದುವೆಗೆ ಊರಿಗೆ ಹೊರಟರು. “ನೀರು ಬಕೆಟಿಗೆ ಹಿಡಿ. ಕ್ಲೋರಿನ್ ಹೋಗುವ ಮದ್ದು ಹಾಕಿ ಒಂದು ದಿನ ಇಡು. ಕೈ ಹಾಕಿ ನೋಡಿಯೇ ತೊಟ್ಟಿಗೆ ಹೊಯ್ಯಿ” ಎಂದು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದರು. ನಾನು ಅದನ್ನೂ ಅವರ ಧಾಟಿಯಲ್ಲೇ ಒಪ್ಪಿಸಿದೆ.

ಒಂದು ಬೆಳಿಗ್ಗೆ ಚಳಿಯೆಂದು ಸ್ನಾನಕ್ಕೆ ಗೀಸರ್ ಹಾಕಿದೆ, ಆರಿಸಲಿಲ್ಲ. ಸಂಜೆ ಗೆಳೆಯರು ವಿಡಿಯೊ ಕಾಲಿನಲ್ಲಿ ಬಂದರು. ಸೊಂಟಕ್ಕೆ ಕೈಯಿಟ್ಟು, ಕೆಮ್ಮಿ, ನಾನು ಪರ್ಬುಗಳಾದೆ. ಬಕೆಟ್ಟು ಯಾರಿಗೆ ಬೇಕು? ಕೆಂಪು ನಲ್ಲಿಗೆ ಪೈಪು ಸಿಕ್ಕಿಸಿ ಸೀದಾ ತೊಟ್ಟಿಗೆ ಬಿಟ್ಟೆ. “ಬಾ ಮಗಾ, ಫ್ರೆಶ್ ನೀರು!” ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬ ಕೇಳಿದ: “ಗ್ಲಾಸಿನಲ್ಲಿ ಅದೆಂಥ ಹಬೆ?”

ಕೆಳಗಿನ ಮೀನಿನ ತೊಟ್ಟಿಗಳ ಅಂಗಡಿಯ ಬ್ಯಾರಿ ಕಾಕ ನನ್ನ ಕೂಗಿಗೆ ಮೆಟ್ಟಿಲು ಹತ್ತಿ ಓಡಿ ಬಂದು, ಅದನ್ನು ತಣ್ಣನೆಯ ನೀರಿಗೆ ದಾಟಿಸಿದರು.

“ಕಾಲು ಹೋದ್ರೂ ಇದಕ್ಕೆ ಪುನಃ ಬೆಳೀತದಂತಲ್ಲ ಕಾಕ?”

“ಕಾಲಲ್ಲ ಹೋದದ್ದು. ಕಿವಿರು ಬೆಂದಿದೆ, ನೋಡು. ಅವರಿಗೆ ಫೋನ್ ಮಾಡಿ ಹೇಳು.”

ಹೇಳಲಿಲ್ಲ. ಮದುವೆಮನೆಗೆ ಇದನ್ನು ಹೇಗೆ ಹೇಳುವುದು? ಅದು ಹೇಗಿದೆಯೆಂದು ಅವರು ಮೆಸೇಜು ಹಾಕಿದಾಗ, ಕೀರಲು ದನಿ ಮಾಡಿ “ನಾನು ಆರಾಮ ಪರ್ಬುಗಳೇ, ಮದುವೆ ಊಟ ತನ್ನಿ” ಎಂದು ವಾಯ್ಸ್ ಮೆಸೇಜು ಕಳಿಸಿದೆ. ಪಕ್ಕದಲ್ಲೇ ಅದು ತಿನ್ನಲು ಹಾಕಿದ ಹುಳ ಮುಟ್ಟದೆ, ಒಂದು ಬದಿಗೆ ವಾಲಿ ತೇಲುತ್ತಿತ್ತು. ಕಿವಿರಿನ ಗರಿಗಳು ಒಂದೊಂದಾಗಿ ಉದುರಿದವು. ಬಾಯಿ ಮಾತ್ರ ನಗುತ್ತಲೇ ಇತ್ತು. ಪರ್ಬುಗಳು ಬರುವ ಮೊದಲೇ ಸತ್ತಿತು.

ಅವರು ಬ್ಯಾಗು ಇಳಿಸದೆ ಬರೀ ನೀರು ಉಳಿದಿದ್ದ ತೊಟ್ಟಿಯನ್ನು ನೋಡಿದರು. ಎಲ್ಲವನ್ನೂ ಹೇಳಿದೆ. ಆ ಕೀರಲು ದನಿಯ ಸಂಗತಿಯನ್ನೂ ಹೇಳಿದೆ.

“ಮದುವೆಮನೆಯಲ್ಲಿ ಎಲ್ಲರಿಗೂ ಅದನ್ನು ಕೇಳಿಸಿದ್ದೆ” ಎಂದರು. ಬ್ಯಾಗು ಇಳಿಸಿ, ತೊಟ್ಟಿಯ ನೀರನ್ನು ಚೊಂಬಿನಿಂದ ಮೊಗೆದು ಬಚ್ಚಲಿಗೆ ಚೆಲ್ಲತೊಡಗಿದರು.

ಸುಮ್ಮನಿರಲಾಗಲಿಲ್ಲ ನನಗೆ. “ಕಾಕನಲ್ಲಿ ಇನ್ನೊಂದು ಉಂಟು. ಇದೇ ಬಣ್ಣ. ನಾಳೆಯೇ ತರ್ತೇನೆ.”

ಪರ್ಬುಗಳು ತಿರುಗಿಯೂ ನೋಡಲಿಲ್ಲ. “ಬೇಡ ಮಾರಾಯ. ನಿನ್ನ ಕೈಯಲ್ಲಿ ಸಾಯ್ಲಿಕ್ಕೆ ನಾನೊಬ್ಬ ಸಾಕು.”