ವರ್ನರನ ಅಜ್ಜನ ಗಡಿಯಾರ

ಅಮೆರಿಕದ ರೈಲ್ವೆ ಊರು ಗೇಲ್ಸ್‌ಬರ್ಗಿನಲ್ಲಿ ವರ್ನರ್ ಲಿಂಡ್‌ಸ್ಟ್ರಾಂನನ್ನು ಯಾರೂ ಟೈಮೆಷ್ಟು ಎಂದು ಕೇಳುತ್ತಿರಲಿಲ್ಲ. ಕೇಳಿದ ಪಾಪಕ್ಕೆ ಹಳೆಯ ರೈಲ್ವೆ ಗಡಿಯಾರಗಳ ಪುರಾಣವನ್ನೇ ಬಿಚ್ಚುತ್ತಿದ್ದ. ಗೂಡ್ಸ್ ಗಾರ್ಡಾಗಿ ದುಡಿದು ನಿವೃತ್ತನಾದವನ ಜೇಬುಗಡಿಯಾರಗಳು ಅಡುಗೆಮನೆಯ ಡ್ರಾಯರಿಗೂ ಹಬ್ಬಿದ್ದವು. ಅವನಿಗೆ ನಿಜಕ್ಕೂ ಬೇಕಿದ್ದದ್ದು ಮಾತ್ರ ಒಂದೇ, ಎಂಜಿನ್ ಡ್ರೈವರಾಗಿದ್ದ ಅಜ್ಜನದು. ಅಜ್ಜ ಸತ್ತ ವಾರವೇ ಸೋದರಮಾವ ಅದನ್ನು ಮಾರಿಬಿಟ್ಟಿದ್ದ. ಅದರ ನಂಬರು ತಾಯಿ ಹೆಡ್ವಿಗ್‌ಗೆ ಮಗ್ಗಿಯಂತೆ ಬಾಯಿಪಾಠ. ಈಗ ಅವಳ ಕಣ್ಣು ಮಂಜಾಗಿದೆ. ಅವಳು ಇರುವಾಗಲೇ ತಂದುಕೊಡಬೇಕೆಂಬ ತವಕ ಇವನಿಗೆ.

ಇಂಥ ಗಡಿಯಾರದ ಬೆನ್ನು ಬಿಚ್ಚಿದರೆ ಯಂತ್ರದ ಮೇಲೊಂದು ನಂಬರು, ಮುಚ್ಚಳದೊಳಗೆ ಇನ್ನೊಂದು. ಆಗೆಲ್ಲ ಯಂತ್ರವನ್ನೂ ಕವಚವನ್ನೂ ಬೇರೆ ಬೇರೆಯಾಗಿ ಆರಿಸಿ ಕೊಳ್ಳುತ್ತಿದ್ದರು, ಆಮೇಲೂ ಅದಲುಬದಲಾಗುತ್ತಿತ್ತು. ಹಾಗಾಗಿ ಬಲ್ಲವರು ನಂಬುವುದು ಯಂತ್ರದ ನಂಬರನ್ನೇ. ಮುಚ್ಚಳ ನೋಡುವವನು ಕಾಳು ಬಿಟ್ಟು ಚೀಲ ಕೊಳ್ಳುವವನು ಎಂಬುದು ವರ್ನರನ ಅಂಬೋಣ.

ಈ ಸಲದ ಗಡಿಯಾರ ಸಂತೆಯಲ್ಲಿ, ಓಡೆಲ್ ಎಂಬ ಮುದುಕನ ಮೇಜಿನ ಮುಂದೆ ಅವನು ಒಂದನ್ನು ಬಿಚ್ಚಿ, ಮುಚ್ಚಳವನ್ನು ಹೆಂಡತಿ ನಡೀನ್ ಕೈಗಿಟ್ಟು ಭೂತಗನ್ನಡಿ ಹಿಡಿದ. ಯಂತ್ರದ ನಂಬರು ಅಮ್ಮ ಹೇಳುವುದಲ್ಲ. ವಾಪಸ್ ಮುಚ್ಚಲು ಮುಚ್ಚಳ ಕೊಡು ಎಂದ. ನಡೀನ್ ಕೊಡಲಿಲ್ಲ.

"ನಿಮ್ಮಮ್ಮ ದಿನಾ ಒದರೋ ನಂಬರು ಇಲ್ಲಿದೆ ಕಣೋ."

ವರ್ನರ್ ಮುಚ್ಚಳವನ್ನು ಕಿತ್ತುಕೊಂಡು ನೋಡಿದ. ಅಮ್ಮ ಚಿಕ್ಕಂದಿನಲ್ಲಿ ಓದಿಕೊಂಡದ್ದು ಮುಚ್ಚಳವನ್ನು. ತಾನು ಒಂದು ದಿನವೂ ತಿರುಗಿಸಿ ನೋಡದ ಮುಚ್ಚಳವನ್ನು. ಮರುಕ್ಷಣವೇ ಅನುಮಾನ ಬಂತು: ಕವಚ ಅಜ್ಜನದೇ ಸರಿ, ಯಂತ್ರ ಯಾರದೋ? ಬೇರೆಯದನ್ನು ಕೂರಿಸಿದ್ದರೆ ಕವಚದ ಅಂಚಿನಲ್ಲಿ ಹಳೆಯ ಯಂತ್ರದ ತಿರುಪುಗಳ ಗುರುತು ಉಳಿದಿರಬೇಕು. ಓಡೆಲ್ಲನೇ ಭೂತಗನ್ನಡಿ ಇಸಿದುಕೊಂಡು ಸುತ್ತಲೂ ನೋಡಿದ. ಬೇರೆ ಗುರುತಿಲ್ಲ, ಎರಡೂ ಮೊದಲಿನಿಂದ ಜೊತೆಗಿದ್ದವೇ ಎಂದ. ಆಮೇಲೆ ನಗತೊಡಗಿದ.

"ಹೋದ ವರ್ಷಾನೂ ಇದನ್ನೇ ಬಿಚ್ಚಿ, ಮೂಗು ಮುರಿದು ವಾಪಸ್ ಇಟ್ರಲ್ಲ ಮಾರಾಯ್ರೇ. ಅದರ ಹಿಂದಿನ ವರ್ಷಾನೂ."

ನಾಚಿಕೆಗಿಂತ ಖುಷಿಯೇ ಹೆಚ್ಚಾಗಿ ವರ್ನರ್ ಮುದುಕನನ್ನು ತಬ್ಬಿಕೊಂಡ. ಚೌಕಾಸಿ ಮಾಡುವುದೂ ಮರೆತುಹೋಯಿತು.

ಮನೆಗೆ ಬಂದವನೇ ಅದನ್ನು ಅಮ್ಮನ ಅಂಗೈಯಲ್ಲಿಟ್ಟು ಎದುರು ನಿಂತ. ಹೆಡ್ವಿಗ್‌ಳ ಬೆರಳುಗಳು ತಾವಾಗಿಯೇ ಕೀಲಿಯನ್ನು ಹುಡುಕಿಕೊಂಡವು. ಅಪ್ಪ ಡ್ಯೂಟಿಗೆ ಹೊರಡುವ ಮುನ್ನ ಕೀಲಿ ಕೊಟ್ಟು ಅವನ ಎದೆಯ ಜೇಬಿಗಿಡುವುದು ಹುಡುಗಿಯಾಗಿದ್ದಾಗ ಅವಳದೇ ಕೆಲಸವಾಗಿತ್ತಂತೆ. ಮೆಲ್ಲಗೆ ತಿರುಗಿಸಿ, ಸಾಕೆನಿಸಿದಲ್ಲಿ ನಿಲ್ಲಿಸಿ, ಕಿವಿಗೆ ಹಿಡಿದು ಕೇಳಿಸಿಕೊಂಡಳು. ಆಮೇಲೆ ಕುಳಿತಲ್ಲಿಂದಲೇ ಅದನ್ನು ಎತ್ತರಕ್ಕೆ ಚಾಚಿದಳು, ಎದುರು ನಿಂತವನ ಎದೆಯ ಜೇಬಿನ ಕಡೆಗೆ. ವರ್ನರ್ ಬಗ್ಗಿ ಜೇಬು ಒಡ್ಡಿದ.