ಹೆಬ್ಬೆರಳಿಗೆ ಸುತ್ತಿದ ದಾರ

ಕೊರೋನಾ ಗಲಾಟೆ ಪೂರ್ತಿ ಮುಗಿದ ಮರುವರ್ಷ, ದಸರಾ ಕಳೆದ ವಾರ ನಡೆದದ್ದು ಇದು. ನಾನು ಹುಟ್ಟಿದ್ದು ನಂಜನಗೂಡಿನ ಹೊಳೆದಂಡೆಯಲ್ಲಿ. ಮದುವೆಯಾಗಿ ಬಂದದ್ದು ಅದೇ ಕಪಿಲಾ ಹೊಳೆ ಹರಿದು ಹೋಗುವ ಕೆಳಗಿನ ಊರಿಗೆ, ತಿ. ನರಸೀಪುರದ ಕಡೆಗೆ. ಎರಡೂ ಮನೆಯವರದು ಮೀನು ಹಿಡಿಯುವ ಕಸುಬು. ನಮ್ಮಲ್ಲಿ ತೆಪ್ಪಕ್ಕೆ ಗಂಡ ಹೆಂಡತಿ ಜೋಡಿಯಾಗಿ ಇಳಿಯುವುದು ವಾಡಿಕೆ. ಹೆಂಡತಿ ಹುಟ್ಟು ಹಾಕಬೇಕು, ಗಂಡ ಬಲೆ ನೋಡಬೇಕು. ಮನೆಯಲ್ಲಿ ಎಷ್ಟೇ ಜಗಳವಾಗಿರಲಿ, ತೆಪ್ಪದೊಳಗೆ ಮುಖ ತಿರುಗಿಸಿಕೊಂಡು ಕೂರಲು ಆಗುವುದಿಲ್ಲ. ದುಂಡನೆಯ ಬುಟ್ಟಿಯಷ್ಟು ಜಾಗದಲ್ಲಿ ಎಲ್ಲಿಗೆ ಅಂತ ತಿರುಗುವುದು?

ಆ ವರ್ಷ ಮೈಸೂರಿನಿಂದ ಕೆಲವರು ಭಾನುವಾರ ಭಾನುವಾರ ಗಾಳದ ರಾಡು ಹಿಡಿದು ನಮ್ಮ ದಂಡೆಗೆ ಬರತೊಡಗಿದರು. ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಪ್ಲಾಸ್ಟಿಕ್ಕಿನ ಸುಳ್ಳು ಮೀನು ಎಸೆದು ಎಳೆಯುತ್ತಿದ್ದರು. ಅದನ್ನೇ ನಿಜವೆಂದು ನಂಬಿ ಕೊರವ ಮೀನು ಬಂದು ಕಚ್ಚುತ್ತಿತ್ತು. ನಮ್ಮ ಬಲೆಗೋ ಬರೀ ಅಗ್ಗದ ಜಿಲೇಬಿ ಮೀನು. ನಮ್ಮ ಯಜಮಾನರು ಮಾದೇವ ಅದನ್ನೇ ನೋಡುತ್ತಾ ಕೂತಿರುತ್ತಿದ್ದರು.

"ಅವರ ದಾರ ನೋಡ್ದಾ? ಎಣೆದಿರೋ ನೂಲಿನಂಗದೆ. ಏನ್ ಎಳದ್ರೂ ಕಿತ್ತೋಗಕಿಲ್ಲ ಕಣೆ," ಎಂದರು ಒಂದು ದಿನ.

ಸರಿ, ಇಬ್ಬರೂ ಬಸ್ಸು ಹತ್ತಿ ನಂಜನಗೂಡಿಗೆ ಹೋದೆವು. ಅಲ್ಲಿ ಬಲೆ, ಗಾಳ ಮಾರುವ ಅಂಗಡಿಯೊಂದಿದೆ. ಅಂಗಡಿಯವರ ಹಣೆ ತುಂಬ ವಿಭೂತಿ. ಹುಟ್ಟಿದಾರಭ್ಯ ಮೀನು ಬಾಯಿಗೆ ಇಟ್ಟವರಲ್ಲ, ಆದರೆ ದಾರದ ವಿಷಯ ತೆಗೆದರೆ ಮಾತು ನಿಲ್ಲುವುದಿಲ್ಲ. ಸೀರೆ ಅಂಗಡಿಯವರ ಹಾಗೆ ನಮ್ಮ ಮುಂದೆ ದಾರದ ಉಂಡೆಗಳನ್ನು ಹರಡಿದರು.

"ನೋಡಮ್ಮ, ಇದು ನಾಕು ಎಳೆ ಎಣೆದಿರೋದು. ಒರಟು. ಕಲ್ಲಿಗೆ, ಮರಕ್ಕೆ ಉಜ್ಜಿದ್ರೂ ತಡ್ಕತದೆ. ತೆಪ್ಪದ ಇಂದೆ ಪ್ಲಾಸ್ಟಿಕ್ ಮೀನು ಕಟ್ಟಿ ಎಳ್ಕೊಂಡು ಓಗಕೆ ಇದು ತಗಳಿ. ಇದು ಎಂಟು ಎಳೇದು, ನುಣ್ಣಗದೆ. ರಾಡಲ್ಲಿ ಬೀಸಿ ಎಸೆಯೋಕೆ ಇದೇ ಸರಿ, ದೂರ ಓಯ್ತದೆ."

ನಾನು ಎರಡನ್ನೂ ಬೆರಳಲ್ಲಿ ತೀಡಿ ನೋಡಿದೆ. ಒರಟಿನದು ಹಸಿರು, ನುಣ್ಣಗಿನದು ಬೂದು ಬಣ್ಣ. ಕೊನೆಗೆ ಎರಡೂ ಇರಲಿ ಎಂದೆವು, ಜೊತೆಗೆ ಒಂದು ರಾಡು, ಎರಡು ಸುಳ್ಳು ಮೀನು ತೆಗೆದುಕೊಂಡೆವು. ಕಟ್ಟಿಕೊಡುವಾಗ ಅವರು, "ಕೈಗೆ ಮಾತ್ರ ಸುತ್ಕಬೇಡಿ. ಇದು ನೈಲಾನಿನಂಗೆ ಜಗ್ಗಕಿಲ್ಲ, ಬ್ಲೇಡು ಇದು ಬ್ಲೇಡು," ಎಂದು ಎಚ್ಚರಿಸಿದರು. ಆಯ್ತು ಎಂದು ತಲೆಯಾಡಿಸಿ ಬಂದೆವು.

ನಾವು ಅಲ್ಲಿಯವರೆಗೆ ಬಳಸುತ್ತಿದ್ದದ್ದು ತಂಗೂಸಿ, ಅಂದರೆ ಆ ನೈಲಾನ್ ದಾರವೇ. ತೆಪ್ಪದ ಹಿಂದೆ ಗಾಳ ಬಿಟ್ಟುಕೊಂಡು ಹೋಗುವಾಗ ಹುಟ್ಟು ಹಾಕುವವಳಿಗೆ ಎರಡು ಕೈಯೂ ಬಿಡುವಿರುವುದಿಲ್ಲ. ಅದಕ್ಕೆ ದಾರವನ್ನು ಕಾಲಿನ ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತೇವೆ. ಮೀನು ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ. ಅಜ್ಜಿ ಅಮ್ಮನಿಗೆ ಕಲಿಸಿದ್ದು, ಅಮ್ಮ ನನಗೆ ಕಲಿಸಿದ್ದು ಅದು. ತಂಗೂಸಿ ಜಗ್ಗುತ್ತದೆ, ಜಾರುತ್ತದೆ, ತೊಡಕಾದರೆ ಹಲ್ಲಲ್ಲಿ ಕಚ್ಚಿದರೆ ತುಂಡಾಗುತ್ತದೆ. ಹಾಗಾಗಿ ತೆಪ್ಪದಲ್ಲಿ ಚಾಕು ಇಟ್ಟುಕೊಳ್ಳುವ ಅಭ್ಯಾಸವೇ ನಮಗೆ ಇರಲಿಲ್ಲ. ಅಂಗಡಿಯವರು ಹೇಳಿದ್ದು ಕೈಯ ಮಾತು. ಕಾಲಿನ ಮಾತು ನಮ್ಮ ಮೂವರಲ್ಲಿ ಯಾರ ತಲೆಗೂ ಬರಲಿಲ್ಲ.

ದಾರ ತಂದ ಮಾರನೆಯ ಬೆಳಿಗ್ಗೆ ಹೊಳೆಯಲ್ಲಿ ನೀರು ಜೋರಾಗಿತ್ತು. ನಾನು ಹಸಿರು ದಾರವನ್ನು ಹೆಬ್ಬೆರಳಿಗೆ ಸುತ್ತಿ ಹುಟ್ಟು ಹಾಕುತ್ತಿದ್ದೆ. ಸುಳ್ಳು ಮೀನು ತೆಪ್ಪದ ಹಿಂದೆ ದೂರದಲ್ಲಿ ನೀರೊಳಗೆ ಬರುತ್ತಿತ್ತು. ಯಜಮಾನರು ಆಚೆ ಮಗ್ಗುಲಲ್ಲಿ ಕೂತು ದಂಡೆಯ ಜೊಂಡಿನ ಕಡೆಗೆ ರಾಡು ಬೀಸುತ್ತಿದ್ದರು. ಆಗ ಬೆರಳು ಜಗ್ಗಿತು. "ಬಿತ್ತು ಕಣ್ರೀ!" ಎಂದು ನಾನು ಖುಷಿಯಿಂದ ಕೂಗಿದೆ.

ಬಿದ್ದದ್ದು ಮೀನಲ್ಲ. ನೀರಿನಡಿ ಮುಳುಗಿದ್ದ ಯಾವುದೋ ಮರಕ್ಕೆ ಗಾಳ ಸಿಕ್ಕಿಕೊಂಡಿತ್ತು. ಹೊಳೆ ತೆಪ್ಪವನ್ನು ಕೆಳಕ್ಕೆ ನೂಕುತ್ತಿತ್ತು, ದಾರ ಬಿಡುತ್ತಿರಲಿಲ್ಲ. ಮಧ್ಯದಲ್ಲಿ ಇದ್ದದ್ದು ನನ್ನ ಬೆರಳು. ಕಾಲು ಸರಕ್ಕನೆ ತೆಪ್ಪದ ಅಂಚಿಗೆ ಹೋಯಿತು. ದಾರ ಚರ್ಮದೊಳಕ್ಕೆ ಇಳಿದು ಕಾಣದಾಯಿತು. ಆ ಮಗ್ಗುಲು ತೆಪ್ಪ ವಾಲಿ ನೀರು ಒಳಗೆ ಬರತೊಡಗಿತು. ನನಗೆ ಈಜು ಚೆನ್ನಾಗಿಯೇ ಬರುತ್ತದೆ. ಆದರೆ ಕಾಲು ಕಟ್ಟಿಸಿಕೊಂಡು ಈಜುವವರು ಯಾರು? ತೆಪ್ಪ ಮಗುಚಿದರೆ ನಾನು ಆ ಮರದ ಜೊತೆಗೇ ಉಳಿಯುತ್ತೇನೆ ಎಂದು ಚೆನ್ನಾಗಿ ಅರ್ಥವಾಯಿತು.

ಯಜಮಾನರು ರಾಡನ್ನು ಹೊಳೆಗೇ ಬಿಸಾಕಿ ಬಂದರು. ಮೊದಲು ಬಗ್ಗಿ ದಾರಕ್ಕೆ ಬಾಯಿ ಹಾಕಿದರು. ಎಷ್ಟು ಕಚ್ಚಿದರೂ ಆ ದಾರ ಹಲ್ಲಿನಡಿ ಜಾರುತ್ತಿತ್ತೇ ಹೊರತು ತುಂಡಾಗಲಿಲ್ಲ. ತುಟಿಯಲ್ಲಿ ರಕ್ತ ಬಂತು. "ಚಾಕು... ಚಾಕು ಇಲ್ವಲ್ಲೇ!" ಎಂದರು. ಆ ದನಿ ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಆಮೇಲೆ ಅವರು ತೆಪ್ಪದ ಅಂಚಿಗೆ ಮಂಡಿಯೂರಿ, ನನ್ನ ಕಾಲಿನಿಂದಾಚೆ ಬಿಗಿದು ನಿಂತಿದ್ದ ದಾರವನ್ನು ಎರಡೂ ಕೈಯಲ್ಲಿ ಹಿಡಿದರು. ಅಂಗೈಗೆ ಒಂದೊಂದು ಸುತ್ತು ಸುತ್ತಿಕೊಂಡು ಎಳೆದರು. ತೆಪ್ಪ, ಅದರೊಳಗಿನ ನಾವಿಬ್ಬರು, ಎಲ್ಲವನ್ನೂ ಆ ಕೈಗಳೇ ಹೊಳೆಯ ಸೆಳೆತಕ್ಕೆ ಎದುರಾಗಿ ಎಳೆಯಬೇಕಿತ್ತು.

"ಬುಚ್ಕೊ... ಬೆರಳು ಬುಚ್ಕೊ ಬೇಗ!"

ದಾರ ಒಂದು ಗೇಣು ಸಡಿಲವಾಯಿತು. ನಾನು ಸುತ್ತು ಬಿಡಿಸತೊಡಗಿದೆ. ಮಾಂಸದೊಳಗೆ ಕೂತಿದ್ದ ದಾರ ಸುಲಭಕ್ಕೆ ಬರಲಿಲ್ಲ. ಅವರ ಕೈಯಿಂದ ರಕ್ತ ತೆಪ್ಪದೊಳಗಿನ ನೀರಿಗೆ ಸುರಿಯುತ್ತಿತ್ತು. ಕೊನೆಯ ಸುತ್ತು ಬಿಟ್ಟೊಡನೆ "ಬುಡಿ! ಬುಟ್ಬುಡಿ!" ಎಂದು ಕಿರುಚಿದೆ. ಅವರು ಬಿಟ್ಟರು. ತೆಪ್ಪ ಒಂದು ಸುತ್ತು ತಿರುಗಿ ನೆಟ್ಟಗಾಗಿ ಕೆಳಕ್ಕೆ ತೇಲಿತು.

ಹುಟ್ಟು ಹಾಕಿ ದಂಡೆ ಮುಟ್ಟಿಸಿದ್ದು ನಾನೇ. ಅವರ ಕೈ ಮುಚ್ಚಲು ಆಗುತ್ತಿರಲಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ನರಸೀಪುರದ ಆಸ್ಪತ್ರೆಗೆ ಹೋದೆವು. ನನ್ನ ಬೆರಳಿಗೆ ಹೊಲಿಗೆ ಹಾಕಿ, ಉಳಿಯಿತು ಎಂದರು. ಆಮೇಲೆ ಡಾಕ್ಟರಮ್ಮ ಯಜಮಾನರ ಅಂಗೈ ತೊಳೆದು ನೋಡಿದರು. ಬಲಗೈಯಲ್ಲಿ ಬೆರಳಿನ ನರವೇ ಕತ್ತರಿಸಿಹೋಗಿತ್ತು.

"ಅಲ್ರೀ, ಬರೀ ಕೈಲಿ ಯಾಕ್ರೀ ಎಳೆದ್ರಿ? ಹೆಗಲ ಮೇಲೆ ಟವಲ್ ಇದೆ. ಅದನ್ನ ಕೈಗೆ ಸುತ್ಕೊಬಾರ್ದಿತ್ತಾ?" ಎಂದು ಆಕೆ ಗದರಿದರು.

ಯಜಮಾನರು ತಮ್ಮ ಹೆಗಲ ಕಡೆ ನೋಡಿಕೊಂಡರು. ಒದ್ದೆ ಟವಲ್ ಅಲ್ಲೇ ಇತ್ತು.

"ಇತ್ತಾ? ನಾ ಕಾಣ್ನಿಲ್ಲ ಕಣಮ್ಮ. ಇವಳ ಕಾಲ್ ನೋಡ್ತಿದ್ದೆ," ಎಂದರು.

ಅಷ್ಟು ಹೊತ್ತು ಅಳದಿದ್ದ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನೋವಿಗೆ ಅಳುತ್ತಿದ್ದಾಳೆ ಎಂದು ನರ್ಸು ಮಾತ್ರೆ ತಂದುಕೊಟ್ಟರು.

ಈಗಲೂ ಆ ದಾರವನ್ನೇ ಬಳಸುತ್ತೇವೆ, ಮೀನಿಗೆ ಅದರಂಥದ್ದಿಲ್ಲ. ಆದರೆ ಬೆರಳಿಗೆ ಸುತ್ತುವುದಿಲ್ಲ, ತೆಪ್ಪದ ಅಂಚಿಗೆ ಕಟ್ಟುತ್ತೇವೆ. ಕಟ್ಟುವ ಕಡೆ ಒಂದು ಗೇಣು ಸಣ್ಣ ತಂಗೂಸಿ ಸೇರಿಸುತ್ತೇವೆ, ಹೆಚ್ಚು ಎಳೆದರೆ ಅದು ಮೊದಲು ಕಿತ್ತುಹೋಗಲಿ ಎಂದು. ಚಾಕು ಕೈಗೆ ಸಿಗುವಲ್ಲೇ ತೂಗುತ್ತಿರುತ್ತದೆ. ದಂಡೆಯ ಹೆಂಗಸರಿಗೆಲ್ಲ ನನ್ನ ಬೆರಳು ತೋರಿಸಿ ಹೇಳಿದ್ದೇನೆ.

ಯಜಮಾನರ ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಮುದ್ದೆ ಮುರಿಯುವುದು ಕಷ್ಟ. ನಾನೇ ಮುರಿದು ತಟ್ಟೆಗೆ ಇಡುತ್ತೇನೆ. "ಎಲ್ಲಾ ಒಸಿ ಸಣ್ಣಕ್ ಮುರಿ, ಎಮ್ಮೆಗ್ ಇಕ್ದಂಗ್ ಇಕ್ತೀಯ," ಎಂದು ದಿನಾ ಬೈಯುತ್ತಾರೆ. ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಮೊದಲೆಲ್ಲ ಅದಕ್ಕೆ ತುಂಬ ನೊಂದುಕೊಳ್ಳುತ್ತಿದ್ದೆ. ಟವಲ್ ಹೆಗಲ ಮೇಲೇ ಇತ್ತಲ್ಲ ಎಂದು ನೆನೆದಾಗ ಇವತ್ತಿಗೂ ಸಿಟ್ಟು ಬರುತ್ತದೆ, ಹಿಂದೆಯೇ ಅಳು ಬರುತ್ತದೆ. ಒಳ್ಳೆಯ ಮಾತು ಬೇಕು ಅಂತ ಮಾತ್ರ ಆಮೇಲೆ ಒಂದು ದಿನವೂ ಅನ್ನಿಸಿಲ್ಲ.